ಕಾಂಪೌಂಡ್ ಟರ್ಬೊ: ಚಿಕ್ಕದರ ಲೆಕ್ಕ ತಪ್ಪಿದರೆ ದೊಡ್ಡದೂ ದುಡಿಯುವುದಿಲ್ಲ

ಚಿತ್ರದುರ್ಗ, ದಾವಣಗೆರೆ ಕಡೆಯ ಡೀಸೆಲ್ ವರ್ಕ್‌ಶಾಪುಗಳಲ್ಲಿ ಡಬಲ್ ಟರ್ಬೊ ಮಾತು ಬಂದರೆ ಮೊದಲು ಕೇಳಿಬರುವುದೇ ‘ಯಾವ ಸೈಜು ಹಾಕೋದು’ ಎಂಬ ಪ್ರಶ್ನೆ. ಡಬಲ್ ಟರ್ಬೊ ಅಥವಾ ಕಾಂಪೌಂಡ್ ಎಂದರೆ ಎಕ್ಸಾಸ್ಟಿನಿಂದ ತಿರುಗಿ ಎಂಜಿನ್ನಿಗೆ ಗಾಳಿ ಒತ್ತುವ ಎರಡು ಟರ್ಬೊಗಳನ್ನು ಸಾಲಾಗಿ ಕೂರಿಸುವುದು: ದೊಡ್ಡದು ಹೊರಗಿನ ಗಾಳಿ ಎಳೆದು ಒತ್ತಿ ಚಿಕ್ಕದಕ್ಕೆ ಕೊಡುತ್ತದೆ, ಚಿಕ್ಕದು ಅದನ್ನು ಇನ್ನಷ್ಟು ಒತ್ತಿ ಎಂಜಿನ್ನಿಗೆ ಕೊಡುತ್ತದೆ. ಸೈಜಿನ ಮಾತು ಆಮೇಲೆ. ಎಂಜಿನ್ ಎಷ್ಟು ಲೀಟರು, ಯಾವ ಆರ್‌ಪಿಎಂನಲ್ಲಿ ಎಷ್ಟು ಎಚ್‌ಪಿ ಬೇಕು, ಆ ಲೋಡ್ ಎಷ್ಟು ಹೊತ್ತು ಇರುತ್ತದೆ, ಇವು ಮೂರು ಗೊತ್ತಿಲ್ಲದೆ ಕ್ಯಾಟಲಾಗ್ ತೆರೆಯಬಾರದು.

5.9 ಲೀಟರಿನ ಆರು ಸಿಲಿಂಡರ್ ಎಂಜಿನ್ನಿನಿಂದ 2400 ಆರ್‌ಪಿಎಂನಲ್ಲಿ 400 ಎಚ್‌ಪಿ, ಅಂದರೆ 294 ಕಿಲೋವ್ಯಾಟ್, ಬೇಕು ಎನ್ನೋಣ. ಕಿಲೋವ್ಯಾಟ್-ಗಂಟೆಗೆ 215 ಗ್ರಾಂ ಡೀಸೆಲ್ ಹಿಡಿದರೆ ಗಂಟೆಗೆ 63 ಕೆಜಿ ಆಯಿತು. ಪಂಪ್ ಕ್ಯಾಲಿಬ್ರೇಶನ್ ಬೆಂಚಿನ ಲೆಕ್ಕದಲ್ಲಿ ಇದು ಪ್ರತಿ ಸಿಲಿಂಡರಿಗೆ 1000 ಸ್ಟ್ರೋಕಿಗೆ ಸುಮಾರು 176 ಸಿಸಿ. ಒಂದು ಕೆಜಿ ಡೀಸೆಲ್‌ಗೆ 22 ಕೆಜಿ ಗಾಳಿ ಇಟ್ಟುಕೊಳ್ಳಿ. 18ಕ್ಕಿಂತ ಇಳಿದರೆ ಕಪ್ಪು ಹೊಗೆ ಬರುತ್ತದೆ, ಎಕ್ಸಾಸ್ಟ್ ಬಿಸಿಯೂ ಏರುತ್ತದೆ. ಆಗ ನಿಮಿಷಕ್ಕೆ 23.2 ಕೆಜಿ, ಟರ್ಬೊ ಮ್ಯಾಪಿನ (ಎಷ್ಟು ಹರಿವಿನಲ್ಲಿ ಟರ್ಬೊ ಎಷ್ಟು ಒತ್ತಬಲ್ಲದು ಎಂದು ತೋರಿಸುವ ನಕ್ಷೆ) ಭಾಷೆಯಲ್ಲಿ 51 ಪೌಂಡ್, ಗಾಳಿ ಬೇಕು.

ಶೇ. 90 ವಾಲ್ಯುಮೆಟ್ರಿಕ್ ಎಫಿಶಿಯನ್ಸಿಯಲ್ಲಿ (ಸಿಲಿಂಡರ್ ತನ್ನ ಗಾತ್ರದ ಎಷ್ಟು ಪಾಲು ಗಾಳಿ ತುಂಬಿಕೊಳ್ಳುತ್ತದೆ ಎಂಬ ಲೆಕ್ಕ) ಈ ಎಂಜಿನ್ ನಿಮಿಷಕ್ಕೆ ಎಳೆಯುವುದು 6.37 ಘನ ಮೀಟರ್ ಅಷ್ಟೇ. ಅಷ್ಟರೊಳಗೆ 23.2 ಕೆಜಿ ತುರುಕಬೇಕಾದರೆ, ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ದಾಟಿದ ಗಾಳಿ 70 ಡಿಗ್ರಿ ಇದ್ದಾಗ, ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ 3.58 ಬಾರ್ ಅಬ್ಸಲ್ಯೂಟ್ (ಹೊರಗಿನ ಗಾಳಿಯ ಒತ್ತಡವೂ ಸೇರಿ) ಒತ್ತಡ ಬೇಕು. ಕೂಲರ್ ಮತ್ತು ಪೈಪಿನ ನಷ್ಟ ಸೇರಿಸಿ 3.7 ಎನ್ನಿ. ಚಿತ್ರದುರ್ಗ ಸಮುದ್ರಮಟ್ಟದಿಂದ ಸುಮಾರು 730 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿಯ ಒತ್ತಡ 0.93 ಬಾರ್. ಫಿಲ್ಟರ್ ದಾಟುವಷ್ಟರಲ್ಲಿ 0.905. 3.7ನ್ನು ಇದರಿಂದ ಭಾಗಿಸಿದರೆ ಒಟ್ಟು ಪ್ರೆಶರ್ ರೇಶಿಯೊ, ಅಂದರೆ ಗಾಳಿಯನ್ನು ಎಷ್ಟು ಪಟ್ಟು ಒತ್ತಬೇಕು ಎಂಬುದು, 4.1. ಇದೇ ಎಂಜಿನ್ ಮಂಗಳೂರಿನಲ್ಲಿದ್ದರೆ 3.7 ಸಾಕಿತ್ತು. ಹೊರಗಿನ ಒತ್ತಡಕ್ಕಿಂತ ಎಷ್ಟು ಹೆಚ್ಚು ಎಂದು ಮಾತ್ರ ತೋರಿಸುವ ಬೂಸ್ಟ್ ಗೇಜಿನಲ್ಲಿ 38 ಪಿಎಸ್‌ಐ ಎಂದಷ್ಟೇ ನೋಡುವವರಿಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ. ಚಳ್ಳಕೆರೆ, ಹಿರಿಯೂರು ಕಡೆಯ ಧೂಳಿಗೆ ಫಿಲ್ಟರ್ ಕಟ್ಟಿಕೊಂಡು ನಷ್ಟ 6 ಕಿಲೋಪಾಸ್ಕಲ್ ತಲುಪಿತೆನ್ನಿ, ಬೇಕಾದ ರೇಶಿಯೊ 4.25ಕ್ಕೆ ಏರುತ್ತದೆ, ಆ ಹೆಚ್ಚುವರಿ ಭಾರ ಬೀಳುವುದು ಟರ್ಬೊ ಶಾಫ್ಟಿನ ಮೇಲೆ.

4.1 ಒಂದೇ ಟರ್ಬೊ ಹೊರುವ ಭಾರವಲ್ಲ. ವರ್ಗಮೂಲ ತೆಗೆದರೆ ಒಂದೊಂದಕ್ಕೆ ಸುಮಾರು 2.02. ತಣ್ಣನೆಯ ಗಾಳಿ ಎಳೆಯುವ ದೊಡ್ಡದಕ್ಕೆ ತುಸು ಹೆಚ್ಚು, 2.1 ಕೊಡುವುದು ಒಳ್ಳೆಯದು. ಎರಡರ ನಡುವಿನ ಪೈಪಿನ ನಷ್ಟವನ್ನೂ ಸೇರಿಸಿದರೆ ಚಿಕ್ಕದಕ್ಕೆ 1.98 ಉಳಿಯುತ್ತದೆ.

ಹೆಚ್ಚಿನವರು ಎಡವುವುದು ಇಲ್ಲಿಂದ ಮುಂದೆ. ಎರಡೂ ಟರ್ಬೊಗಳಲ್ಲಿ ಹರಿಯುವುದು ಅದೇ 51 ಪೌಂಡ್ ಗಾಳಿ, ಹಾಗಾಗಿ ಎರಡರ ಮ್ಯಾಪಿನಲ್ಲೂ 51 ನೋಡಿಬಿಡುತ್ತಾರೆ. ಚಿಕ್ಕದಕ್ಕೆ ಸಿಗುವುದು ಆಗಲೇ ಒತ್ತಿದ ಗಾಳಿ: 1.87 ಬಾರ್, 140 ಡಿಗ್ರಿ. ಒತ್ತಡಕ್ಕೂ ಉಷ್ಣತೆಗೂ ತಿದ್ದಿ ನೋಡಿದರೆ ಮ್ಯಾಪಿನಲ್ಲಿ ಅದರ ಜಾಗ ಸುಮಾರು 31 ಪೌಂಡ್. ದೊಡ್ಡದರದು, 38 ಡಿಗ್ರಿ ಬಿಸಿಲಿನಲ್ಲಿ, 55. ಇನ್ನು 1400 ಆರ್‌ಪಿಎಂನಲ್ಲಿ ದೊಡ್ಡದು ಇನ್ನೂ ಅರೆನಿದ್ದೆಯಲ್ಲಿರುತ್ತದೆ, ಬೂಸ್ಟೆಲ್ಲ ಚಿಕ್ಕದರ ಮೇಲೆ; ಆಗ ಅದರ ಹರಿವು ಸುಮಾರು 17, ರೇಶಿಯೊ ಮಾತ್ರ ಹೆಚ್ಚು ಕಡಿಮೆ 2 ಇರುತ್ತದೆ. ಆದ್ದರಿಂದ ರೇಶಿಯೊ 2ರ ಗೆರೆಯ ಮೇಲೆ 15ಕ್ಕೂ ಸರ್ಜ್ ಆಗದ (ಹರಿವು ಸಾಲದೆ ಗಾಳಿ ಹಿಂದಕ್ಕೆ ನುಗ್ಗದ), 35ಕ್ಕೂ ಉಸಿರುಗಟ್ಟದ ಕಂಪ್ರೆಸರ್ ಹುಡುಕಬೇಕು. 51 ನೋಡಿ ತಂದ ದೊಡ್ಡ ವೀಲು 1400ರಲ್ಲಿ ಲೋಡ್ ಬಿದ್ದೊಡನೆ ಸರ್ಜ್ ಗೆರೆಯ ಎಡಕ್ಕೆ ಹೋಗಿ ಬಸ್ ಬಸ್ ಎಂದು ಗಾಳಿ ಹಿಂದಕ್ಕೆ ಉಗುಳುತ್ತದೆ. ಮೊದಲು ಸವೆಯುವುದು ಥ್ರಸ್ಟ್ ಬೇರಿಂಗ್.

ಎಕ್ಸಾಸ್ಟ್ ತಿರುಗಿಸುವ ಟರ್ಬೈನ್ ಬದಿಯಲ್ಲಿ ಕಥೆ ತಿರುಗುಮುರುಗು. ಪೂರ್ತಿ ಎಕ್ಸಾಸ್ಟ್ ಮೊದಲು ಚಿಕ್ಕದನ್ನೇ ದಾಟಬೇಕು. ಹೌಸಿಂಗ್ ಬಿಗಿಯಾಗಿದ್ದರೆ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಒತ್ತಡ, ಅಂದರೆ ಡ್ರೈವ್ ಪ್ರೆಶರ್, ಬೂಸ್ಟಿನ ಒಂದೂವರೆ ಪಟ್ಟಾಗುತ್ತದೆ, ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಎರಡೂ ಸರಿಸಮ ಇದ್ದರೆ ಉತ್ತಮ, 1.3 ಪಟ್ಟಿನವರೆಗೆ ಪರವಾಗಿಲ್ಲ. ಅದಕ್ಕೇ ಚಿಕ್ಕದರ ಸುತ್ತ ಎಕ್ಸಾಸ್ಟ್ ಹಾಯಿಸಿ ದೊಡ್ಡದಕ್ಕೆ ಕೊಡುವ ಧಾರಾಳ ಗಾತ್ರದ ವೇಸ್ಟ್‌ಗೇಟ್ ಬೇಕೇ ಬೇಕು. ಅಳೆಯಲು ಮೂರು ಗೇಜು: ಬೂಸ್ಟ್, ಎರಡು ಟರ್ಬೊಗಳ ನಡುವಿನ ಒತ್ತಡ, ಡ್ರೈವ್ ಪ್ರೆಶರ್. ಕೊನೆಯದಕ್ಕೆ ಒಂದು ಮೀಟರ್ ತಾಮ್ರದ ಕೊಳವೆ ಸುರುಳಿ ಸುತ್ತಿ ತಣಿಸದಿದ್ದರೆ ಗೇಜು ಕರಗುತ್ತದೆ. ಪೂರ್ತಿ ಲೋಡಿನಲ್ಲಿ ನಡುವಿನ ಒತ್ತಡ ಗೇಜಿನಲ್ಲಿ 0.95 ಬಾರ್ ಆಸುಪಾಸು ಇರಬೇಕು. 0.5ರಲ್ಲೇ ನಿಂತಿದ್ದರೆ ದೊಡ್ಡದು ಎದ್ದಿಲ್ಲ, ಚಿಕ್ಕದು ಓವರ್‌ಸ್ಪೀಡ್ ಆಗುತ್ತಿದೆ. ಮೊದಲು ಎರಡರ ನಡುವಿನ ಎಕ್ಸಾಸ್ಟ್ ಪೈಪಿನಲ್ಲಿ ಸೋರಿಕೆ ಹುಡುಕಿ, ಆಮೇಲೆ ದೊಡ್ಡದರ ಹೌಸಿಂಗ್ ಸಣ್ಣದು ಮಾಡುವ ಯೋಚನೆ.

ಚಿಕ್ಕದರಿಂದ ಹೊರಬೀಳುವ ಗಾಳಿ ಸುಮಾರು 260 ಡಿಗ್ರಿ. 180 ಡಿಗ್ರಿಗೆ ಮಾಡಿದ ಸಾಮಾನ್ಯ ಸಿಲಿಕಾನ್ ಹೋಸ್ ಅಲ್ಲಿ ನಿಲ್ಲದು. ಸ್ಟೀಲ್ ಪೈಪು ಹಾಕಿ. 17:1 ಕಂಪ್ರೆಶನ್ ಹಾಗೇ ಬಿಟ್ಟರೆ ಡೀಸೆಲ್ ಉರಿಯುವ ಮೊದಲೇ ಸಿಲಿಂಡರಿನ ಒತ್ತಡ 160 ಬಾರ್ ಹತ್ತಿರ ಹೋಗುತ್ತದೆ. 14.5ಕ್ಕೆ ಇಳಿಸಿದರೆ 130ರ ಸುಮಾರು. ಹೆಡ್ ಬೋಲ್ಟ್ ತೆಗೆದು ಸ್ಟಡ್ ಹಾಕುವುದು ಹೇಗೂ ಬೇಕು.

ಇಷ್ಟೆಲ್ಲ ಆದರೂ 5.9 ಲೀಟರಿನಿಂದ 400 ಎಚ್‌ಪಿ ಅಲ್ಪಹೊತ್ತಿನ ಲೋಡಿಗೆ ಮಾತ್ರ. ಬೋರ್‌ವೆಲ್ ಕಂಪ್ರೆಸರಿನಂತೆ ರಾತ್ರಿ ಹಗಲು ಎಳೆಯುವ ಕೆಲಸಕ್ಕೆ ಹೀಗೆ ಕಟ್ಟಬೇಡಿ. 8.3 ಲೀಟರಿನ ಎಂಜಿನ್ ಅದೇ ಗಾಳಿಯನ್ನು 2200 ಆರ್‌ಪಿಎಂನಲ್ಲಿ 3.2 ರೇಶಿಯೊದಲ್ಲಿ ತೆಗೆದುಕೊಳ್ಳುತ್ತದೆ. ಅದಕ್ಕೆ ಒಳ್ಳೆಯದೊಂದು ಟರ್ಬೊ ಸಾಕು, ಕಾಂಪೌಂಡಿನ ಖರ್ಚೇ ಬೇಡ.

ಕೂರಿಸುವಾಗ ದೊಡ್ಡ ಟರ್ಬೊದ ತೂಕವನ್ನು ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ ನೇತುಹಾಕಬೇಡಿ. ಬ್ಲಾಕಿನಿಂದ ಬ್ರಾಕೆಟ್ ಕೊಟ್ಟು, ಎರಡರ ನಡುವೆ ಸ್ಟೀಲ್ ಬೆಲ್ಲೋಸ್ (ಹಿಗ್ಗಿ ಕುಗ್ಗುವ ಸುಕ್ಕುಗಟ್ಟಿದ ಕೊಳವೆ) ಇಡಿ. ಜಾಗವಿಲ್ಲವೆಂದು ದೊಡ್ಡ ಟರ್ಬೊವನ್ನು ಕೆಳಗಿಳಿಸುವವರು ಆಯಿಲ್ ಡ್ರೇನ್ ಮರೆಯುತ್ತಾರೆ. ಡ್ರೇನ್ ಪೈಪು ಎಲ್ಲೂ ಹೊಟ್ಟೆ ಬಿಡದೆ ಇಳಿಯಬೇಕು, ಸಂಪಿನ ಆಯಿಲ್ ಮಟ್ಟಕ್ಕಿಂತ ಮೇಲೆ ಸೇರಬೇಕು. ಅದಾಗದಿದ್ದರೆ ಆಯಿಲ್ ಎಳೆದು ಸಂಪಿಗೆ ಕಳಿಸುವ ಸ್ಕ್ಯಾವೆಂಜ್ ಪಂಪ್ ಹಾಕಲೇಬೇಕು, ಇಲ್ಲವಾದರೆ ಆಯಿಲ್ ಸೀಲ್ ದಾಟಿ ಇಂಟರ್‌ಕೂಲರ್ ತುಂಬಿಕೊಳ್ಳುತ್ತದೆ.