ಲ್ಯಾಪ್‌ಟಾಪ್ ಬಿಸಿ: ಕೂಲಿಂಗ್ ಪ್ಯಾಡ್ ಕೊಳ್ಳುವ ಮೊದಲು ಹೊರಬರುವ ಗಾಳಿಗೆ ಕೈ ಹಿಡಿಯಿರಿ

ಗೇಮಿಂಗ್ ಲ್ಯಾಪ್‌ಟಾಪ್ ಸುಡುತ್ತಿದೆ ಅಂದ ತಕ್ಷಣ ಕೂಲಿಂಗ್ ಪ್ಯಾಡ್ (ಕೆಳಗಿಡುವ ಫ್ಯಾನ್ ಹಲಗೆ) ತರಿಸುವವರೇ ಜಾಸ್ತಿ. ಬಿಸಿ ಎಲ್ಲಿ ಸಿಕ್ಕಿಹಾಕಿಕೊಂಡಿದೆ ಎಂದು ನೋಡದೆ ದುಡ್ಡು ಹಾಕಬೇಡಿ.

ಇಂಟೆಲ್ ಕೋರ್ ಐ7-10750ಎಚ್ ಎಂಬ ಪ್ರೊಸೆಸರ್ ಚಿಪ್ (ಸಿಪಿಯು) ಇರುವ ಮಷೀನನ್ನೇ ತೆಗೆದುಕೊಳ್ಳೋಣ. ಇದರ ಮಿತಿ 100 ಡಿಗ್ರಿ ಸೆಲ್ಸಿಯಸ್. ಅದನ್ನು ಮುಟ್ಟಿದರೆ ಚಿಪ್ ತಾನೇ ವೇಗ ಇಳಿಸಿಕೊಳ್ಳುತ್ತದೆ, ಆಟ ತಡವರಿಸುತ್ತದೆ. ಆಡುವಾಗ 85ರಿಂದ 90 ಬಂದರೆ ಈ ಬಗೆಯ ಲ್ಯಾಪ್‌ಟಾಪ್‌ಗಳಲ್ಲಿ ಅದು ಮಾಮೂಲು, ತಲೆ ಕೆಡಿಸಿಕೊಳ್ಳಬೇಡಿ. ಚಿಪ್‌ನ ಬಿಸಿ ತೋರಿಸುವ ಎಚ್‌ಡಬ್ಲ್ಯುಇನ್ಫೋ ಸಾಫ್ಟ್‌ವೇರ್ ಹಾಕಿಕೊಂಡು ಅರ್ಧ ಗಂಟೆ ಆಡಿ. ಒಂದೊಂದು ಕೋರ್‌ನ ಟೆಂಪರೇಚರ್, ಸಿಪಿಯು ಪ್ಯಾಕೇಜ್ ಪವರ್ ಎಷ್ಟು ವ್ಯಾಟ್, ಥರ್ಮಲ್ ಥ್ರಾಟ್ಲಿಂಗ್ (ಬಿಸಿಗೆ ವೇಗ ಇಳಿಯುವುದು) ಎದುರು 'ಯೆಸ್' ಬಂದಿದೆಯಾ ಎಂದು ನೋಡಿ. ಆಮೇಲೆ ಗಾಳಿ ಹೊರಬರುವ ಕಡೆ ಕೈ ಹಿಡಿಯಿರಿ.

ಗಾಳಿ ಸುಡುವಷ್ಟು ಬಿಸಿ, ಆದರೆ ಬರುವುದೇ ಸ್ವಲ್ಪ ಎಂದರೆ ದೂಳು. ಕೆಳಗಿನ ಜಾಲರಿ ಒರೆಸಿದರೆ ಇದು ಹೋಗುವುದಿಲ್ಲ. ಫ್ಯಾನಿನ ಬಾಯಿಗೂ ಚಿಪ್‌ನ ಬಿಸಿ ಹೀರುವ ಲೋಹದ ಹೀಟ್‌ಸಿಂಕಿನ ತೆಳು ತಗಡುಗಳಿಗೂ ನಡುವೆ, ಕಂಬಳಿ ತುಂಡಿನ ಹಾಗೆ ಒತ್ತಾಗಿ ಕೂತಿರುತ್ತದೆ. ಹೊರಗಿಂದ ಬ್ಲೋವರ್ ಹಿಡಿದರೆ ಅದು ಇನ್ನಷ್ಟು ಬಿಗಿಯಾಗುವುದೇ ಹೆಚ್ಚು. ಲ್ಯಾಪ್‌ಟಾಪ್ ಪೂರ್ತಿ ಆಫ್ ಮಾಡಿ, ಚಾರ್ಜರ್ ಕಿತ್ತು, ತಳ ಬಿಚ್ಚಿದ ಮೇಲೆ ಮೊದಲು ಬ್ಯಾಟರಿ ಕನೆಕ್ಟರ್ ತೆಗೆಯಿರಿ. ಫ್ಯಾನ್ ಬಿಚ್ಚಿ, ಆ ಪದರವನ್ನು ಚಿಮುಟದಿಂದ ಎತ್ತಿ ಹಾಕಿ. ಬಿಚ್ಚದೆ ಊದುವುದಾದರೆ ರೆಕ್ಕೆಯನ್ನು ಬೆರಳಲ್ಲಿ ಹಿಡಿದಿರಿ, ಅತಿ ವೇಗದಲ್ಲಿ ಸುತ್ತಿದರೆ ಬೇರಿಂಗ್ ಹಾಳಾಗುತ್ತದೆ.

ಫ್ಯಾನ್ ಜೋರಾಗಿ ಕಿರುಚುತ್ತಿದೆ, ಸಿಪಿಯು 97ರಲ್ಲಿದೆ, ಗಾಳಿ ಮಾತ್ರ ಬೆಚ್ಚಗಷ್ಟೇ ಇದ್ದರೆ ಬಿಸಿ ಚಿಪ್‌ನಿಂದ ಹೀಟ್‌ಸಿಂಕಿಗೆ ದಾಟುತ್ತಲೇ ಇಲ್ಲ. ಒಂದು ಕೋರ್ ಉಳಿದವಕ್ಕಿಂತ 15 ಡಿಗ್ರಿ ಮೇಲಿದ್ದರೂ ಅನುಮಾನ ಇಲ್ಲೇ. ಲ್ಯಾಪ್‌ಟಾಪಿನ ಸಿಪಿಯು ಮೇಲೆ ಡೆಸ್ಕ್‌ಟಾಪಿನದರ ಹಾಗೆ ಲೋಹದ ಮುಚ್ಚಳ ಇರುವುದಿಲ್ಲ. ಕಾದು ಆರುವಾಗೆಲ್ಲ ಹೀಟ್‌ಸಿಂಕ್ ತುಸು ಅಲುಗಿ, ಎರಡರ ನಡುವೆ ಬಿಸಿ ದಾಟಿಸಲು ಹಚ್ಚಿರುವ ತೆಳು ಥರ್ಮಲ್ ಪೇಸ್ಟ್ ಅಂಚಿಗೆ ಸರಿಯುತ್ತದೆ. ಬಿಚ್ಚಿ ನೋಡಿದರೆ ಚಿಪ್‌ನ ನಡುವೆ ಕನ್ನಡಿಯಂಥ ಬೋಳು ಜಾಗ, ಸುತ್ತ ಪೇಸ್ಟಿನ ದಿಬ್ಬ ಕಾಣುತ್ತದೆ.

ಹೀಟ್‌ಸಿಂಕ್ ಸ್ಕ್ರೂಗಳ ಪಕ್ಕ 1, 2, 3, 4 ಎಂದು ಅಚ್ಚು ಹಾಕಿರುತ್ತಾರೆ. ಬಿಚ್ಚುವಾಗ 4ರಿಂದ 1ಕ್ಕೆ, ಹಾಕುವಾಗ 1ರಿಂದ 4ಕ್ಕೆ, ಒಂದೊಂದಕ್ಕೂ ಒಂದೆರಡು ಸುತ್ತು ಕೊಡುತ್ತಾ ಹೋಗಿ. ಒಂದನ್ನೇ ಪೂರ್ತಿ ಬಿಗಿದರೆ ಹೀಟ್‌ಸಿಂಕ್ ವಾಲುತ್ತದೆ, ಒಂದು ಮೂಲೆಯ ಕೋರ್ ಮತ್ತೆ ಸುಡುತ್ತದೆ. ಹಳೆ ಪೇಸ್ಟನ್ನು 99 ಪರ್ಸೆಂಟ್ ಐಸೋಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ. ಹೊಸದನ್ನು ಚಿಪ್ ಪೂರ್ತಿ ಮುಚ್ಚುವಂತೆ ತೆಳ್ಳಗೆ ಸವರಿ. ಡೆಸ್ಕ್‌ಟಾಪ್‌ಗೆ ಹೇಳುವ 'ನಡುವೆ ಒಂದು ಚುಕ್ಕೆ' ಇಲ್ಲಿ ಮೂಲೆ ತಲುಪದೇ ಉಳಿಯಬಹುದು. ನೀರಿನಂತೆ ತೆಳುವಾದ ಪೇಸ್ಟ್ ಬೇಡ, ಬೇಗ ಸರಿದುಹೋಗುತ್ತದೆ. ನನ್ನ ಆಯ್ಕೆ ಕೇಳಿದರೆ ಪೇಸ್ಟಿನ ಬದಲು ಹಾಕುವ ಪಿಟಿಎಂ 7950 ಹಾಳೆ: 45 ಡಿಗ್ರಿ ಆಸುಪಾಸು ಮೆತ್ತಗಾಗಿ ಹರಡಿಕೊಳ್ಳುತ್ತದೆ, ಪೇಸ್ಟಿನಷ್ಟು ಸುಲಭವಾಗಿ ಅಂಚಿಗೆ ಸರಿಯುವುದಿಲ್ಲ. ಅಂಟಿಸುವ ಮೊದಲು ಸ್ವಲ್ಪ ಹೊತ್ತು ಫ್ರಿಜ್‌ನಲ್ಲಿಟ್ಟರೆ ಮೇಲಿನ ಪ್ಲಾಸ್ಟಿಕ್ ಪದರ ಹಾಳೆಯನ್ನು ಹರಿಯದೆ ಬಿಟ್ಟುಬರುತ್ತದೆ. ಪೇಸ್ಟಿನ ಬದಲು ಕೆಲವರು ಹಚ್ಚುವ ಲಿಕ್ವಿಡ್ ಮೆಟಲ್ (ದ್ರವ ಲೋಹ) ಕಡೆ ಹೋಗಲೇಬೇಡಿ. ಅದರಲ್ಲಿ ಕರೆಂಟ್ ಹರಿಯುತ್ತದೆ, ಅಲ್ಯೂಮಿನಿಯಂ ತಾಗಿದರೆ ಅದನ್ನು ತಿಂದುಹಾಕುತ್ತದೆ. ಗ್ರಾಫಿಕ್ಸ್ ಮೆಮೊರಿಯ ಮೇಲಿನ ಥರ್ಮಲ್ ಪ್ಯಾಡ್ ಹರಿದರೆ ಅಷ್ಟೇ ದಪ್ಪದ್ದನ್ನೇ ಹಾಕಿ. ದಪ್ಪ ಹೆಚ್ಚಾದರೆ ಹೀಟ್‌ಸಿಂಕ್ ಚಿಪ್‌ಗೆ ಕೂರುವುದಿಲ್ಲ.

ಗಾಳಿ ಬಿಸಿಯಾಗಿಯೂ ಜೋರಾಗಿಯೂ ಬರುತ್ತಿದ್ದರೆ ಕೂಲಿಂಗ್ ಸರಿಯಾಗೇ ಇದೆ, ಚಿಪ್ ಎಳೆಯುವ ವ್ಯಾಟ್ ಜಾಸ್ತಿ. ವಿಂಡೋಸ್‌ನ ಪವರ್ ಆಪ್ಷನ್ಸ್‌ನಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ 99 ಪರ್ಸೆಂಟ್ ಮಾಡಿದರೆ ಟರ್ಬೊ ನಿಲ್ಲುತ್ತದೆ. ಈ ಚಿಪ್ 5 ಗಿಗಾಹರ್ಟ್ಸ್‌ವರೆಗೆ ಜಿಗಿಯುವ ಬದಲು 2.6ರ ಆಸುಪಾಸಿನಲ್ಲಿ ಉಳಿಯುತ್ತದೆ. ಗ್ರಾಫಿಕ್ಸ್ ಮೇಲೇ ಭಾರ ಬೀಳುವ ಆಟಗಳಲ್ಲಿ ವ್ಯತ್ಯಾಸ ಅಷ್ಟಾಗಿ ತಿಳಿಯುವುದಿಲ್ಲ, ಹೆಚ್ಚು ಎಫ್‌ಪಿಎಸ್ (ಸೆಕೆಂಡಿಗೆ ಫ್ರೇಮ್) ಬೇಡುವ ಶೂಟರ್‌ಗಳಲ್ಲಿ ಖಂಡಿತ ತಿಳಿಯುತ್ತದೆ. ಅಂಥ ಆಟ ಆಡುವವರು ಟರ್ಬೊ ನಿಲ್ಲಿಸದೆ, ಥ್ರಾಟಲ್‌ಸ್ಟಾಪ್ ಎಂಬ ಸಾಫ್ಟ್‌ವೇರ್‌ನಲ್ಲಿ ಪಿಎಲ್1 (ಚಿಪ್ ಬಹಳ ಹೊತ್ತು ಎಳೆಯಬಹುದಾದ ಪವರ್‌ನ ಮಿತಿ) ಅನ್ನು 45 ವ್ಯಾಟ್‌ಗೆ ಇಳಿಸಲಿ. ವೋಲ್ಟೇಜ್ ಇಳಿಸುವುದು ಇನ್ನೂ ಒಳ್ಳೆಯ ಉಪಾಯವಾಗಿತ್ತು, ಆದರೆ 2019ರಲ್ಲಿ ಪ್ಲಂಡರ್‌ವೋಲ್ಟ್ ಎಂಬ, ವೋಲ್ಟೇಜ್ ಇಳಿಸಿ ದಾಳಿ ಮಾಡಬಹುದಾದ ಭದ್ರತಾ ದೋಷ ಹೊರಬಂದ ಮೇಲೆ ಎಷ್ಟೋ ಕಂಪನಿಗಳು ಬಯಾಸ್‌ನಲ್ಲೇ (ಲ್ಯಾಪ್‌ಟಾಪ್ ಶುರುವಾಗುವಾಗ ಓಡುವ ಮೂಲ ಸಾಫ್ಟ್‌ವೇರ್) ಅದಕ್ಕೆ ಬೀಗ ಹಾಕಿವೆ.

ಕೂಲಿಂಗ್ ಪ್ಯಾಡ್ ವಿಚಾರಕ್ಕೆ ಬಂದರೆ, ಹಿಂಭಾಗವನ್ನು ಎರಡು ಬಾಟಲಿ ಮುಚ್ಚಳದ ಮೇಲೆ ಎತ್ತಿಟ್ಟು ಮೊದಲು ನೋಡಿ.