ಗೋಂದು ಕಳೆದುಕೊಂಡ ಕ್ರಿಕೆಟ್ ಚೀಟಿ

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಕಾರವಾರದ ನಮ್ಮ ಮನೆಯಲ್ಲಿ ಉಪ್ಪು ನೀರೊಡೆಯುತ್ತದೆ, ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ, ಬಳಸದ ಅಂಚೆಚೀಟಿಗಳ ಹಿಂಬದಿಯ ಗೋಂದು ತಾನಾಗಿಯೇ ಹಸಿಯಾಗಿ ಆಲ್ಬಮಿನ ಹಾಳೆಯನ್ನು ಕಚ್ಚಿಕೊಳ್ಳುತ್ತದೆ. ಕ್ರೀಡೆಗೆ ಸಂಬಂಧಿಸಿದ ಸ್ಮರಣಾರ್ಥ ಚೀಟಿಗಳನ್ನಷ್ಟೇ ಕೂಡಿಡುವ ನಾನು ಈ ಪಾಠವನ್ನು ಕಲಿತದ್ದು 1971ರ ಇಪ್ಪತ್ತು ಪೈಸೆಯ ಚೀಟಿಯೊಂದನ್ನು ಕೆಡಿಸಿಕೊಂಡು.

ವೆಸ್ಟ್ ಇಂಡೀಸ್ ಮತ್ತು ಇಂಗ್ಲೆಂಡ್ ನೆಲದಲ್ಲಿ ಭಾರತ ಮೊದಲ ಬಾರಿಗೆ ಟೆಸ್ಟ್ ಸರಣಿಗಳನ್ನು ಗೆದ್ದ ಆ ವರ್ಷವೇ ಅಂಚೆ ಇಲಾಖೆ ಅದನ್ನು ಹೊರತಂದಿತ್ತು. ಲಂಡನ್ನಿನ ಓವಲ್ ಮೈದಾನದಲ್ಲಿ ನಮ್ಮ ಬಿ. ಎಸ್. ಚಂದ್ರಶೇಖರ್ 38 ರನ್ನಿಗೆ ಆರು ವಿಕೆಟ್ ಕಿತ್ತು ಇಂಗ್ಲೆಂಡನ್ನು 101ಕ್ಕೆ ಉರುಳಿಸಿದ್ದನ್ನು ಹಿರಿಯರ ಬಾಯಲ್ಲಿ ಎಷ್ಟೋ ಸಲ ಕೇಳಿದ್ದ ನನಗೆ, ಸಂಗ್ರಹದಲ್ಲಿ ಅದರಷ್ಟು ಪ್ರೀತಿಯ ಚೀಟಿ ಬೇರೊಂದಿರಲಿಲ್ಲ. ಒಂದು ಆಷಾಢದಲ್ಲಿ ಆಲ್ಬಂ ತೆರೆದಾಗ ಅದು ಹಾಳೆಗೆ ಅಂಟಿಕೊಂಡಿತ್ತು. ಚಿಮಟದಿಂದ ಎಬ್ಬಿಸಲು ನೋಡಿದರೆ ಅಂಚಿನ ಹಲ್ಲು ಹರಿಯುವಂತಿದ್ದುದರಿಂದ, ಹಾಳೆಯ ಆ ತುಂಡನ್ನೇ ಕತ್ತರಿಸಿ ಉಗುರುಬೆಚ್ಚಗಿನ ನೀರಿನ ತಟ್ಟೆಯಲ್ಲಿ ತೇಲಿಬಿಟ್ಟೆ. ಕಾಲು ಗಂಟೆಯಲ್ಲಿ ಚೀಟಿ ಜಾರಿ ಬೇರೆಯಾಯಿತು, ಗೋಂದು ನೀರುಪಾಲಾಯಿತು. ಬಳಸದ ಚೀಟಿಯಾದರೂ ಮೂಲ ಗೋಂದಿಲ್ಲದಿದ್ದರೆ ಅದಕ್ಕೆ ಸಂಗ್ರಾಹಕರ ಲೆಕ್ಕದಲ್ಲಿ ಬೆಲೆ ಕುಸಿಯುತ್ತದೆ. ಯಾರೂ ನೋಡದ ಬೆನ್ನಿಗೆ ಇಷ್ಟೊಂದು ಬೆಲೆ ಏಕೋ, ನನಗಂತೂ ಇಂದಿಗೂ ಒಗಟೇ.

ಅಂದಿನಿಂದ ಮಳೆಗಾಲದ ನಾಲ್ಕು ತಿಂಗಳು ಚೀಟಿಗಳ ವಾಸ, ಮೇಣಗಾಗದದ ಲಕೋಟೆಗಳೊಳಗೆ, ಹಪ್ಪಳದ ಡಬ್ಬಿಯಂಥದೇ ಬಿಗಿಮುಚ್ಚಳದ ಡಬ್ಬಿಯಲ್ಲಿ. ಹೊಸ ಬೂಟಿನ ಪೆಟ್ಟಿಗೆಯಲ್ಲಿ ಸಿಗುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ನೆಂಟರಿಂದಲೂ ಕೇಳಿ ತಂದು ಅದರಲ್ಲಿ ಹಾಕುತ್ತೇನೆ. ನವರಾತ್ರಿಯ ಹೊತ್ತಿಗೆ ಮೋಡ ಹರಿದ ಮೇಲೆ ಎಲ್ಲವನ್ನೂ ಹೊರತೆಗೆದು, ನೇರ ಬಿಸಿಲಿಗೆ ಬಣ್ಣ ಮಾಸುವುದರಿಂದ, ಒಳಗಿನ ಮೇಜಿನ ಮೇಲೆ ಗಾಳಿಗೆ ಹರಡುತ್ತೇನೆ.

ಹಾಗೆ ಹರಡಿದಾಗಲೇ ಒಂದು ಸಂಗತಿ ಎದ್ದು ಕಂಡಿತು. ಬದುಕಿರುವವರ ಚಿತ್ರವನ್ನು ನಮ್ಮ ಅಂಚೆಚೀಟಿಯಲ್ಲಿ ಮುದ್ರಿಸುವುದು ಅಪರೂಪ. 1960ರಲ್ಲಿ ನೂರು ವರ್ಷ ತುಂಬಿದ ವಿಶ್ವೇಶ್ವರಯ್ಯನವರಿಗೆ ಆ ಗೌರವ ಸಿಕ್ಕಿತ್ತು. ಆಟಗಾರರು ಮಾತ್ರ ಬಹುಪಾಲು ತೀರಿಕೊಂಡ ಮೇಲೆಯೇ ಚೀಟಿಗೇರಿದವರು. ಹಾಕಿ ಮಾಂತ್ರಿಕ ಧ್ಯಾನ್ ಚಂದ್ ನಿಧನರಾದದ್ದು 1979ರ ಡಿಸೆಂಬರ್ 3ರಂದು. ಅವರ ಚೀಟಿ ಬಂದದ್ದು ಮರುವರ್ಷ ಅದೇ ದಿನ. 1996ರಲ್ಲಿ ಚೀಟಿಯಾದ ಕ್ರಿಕೆಟಿಗರಾದ ದೇವಧರ್, ಮರ್ಚೆಂಟ್, ಮಂಕಡ್, ನಾಯ್ಡು ನಾಲ್ವರೂ ಆಗಲೇ ಇರಲಿಲ್ಲ. 2013ರಲ್ಲಿ ತೆಂಡೂಲ್ಕರ್ ತಮ್ಮ ಇನ್ನೂರನೆಯ ಟೆಸ್ಟಿನ ವೇಳೆಗೆ ಬ್ಯಾಟು ಹಿಡಿದಿರುವಾಗಲೇ ಇಪ್ಪತ್ತು ರೂಪಾಯಿಯ ಚೀಟಿಯಾದರು. ಚಂದ್ರಶೇಖರ್ ಅವರಿಗೂ ಹಾಗೊಂದು ಬರಲಿ ಎಂಬುದು ನನ್ನ ಆಸೆ.

1971ರ ಆ ಚೀಟಿಯನ್ನು ನಾನು ಮಾರಲೂ ಇಲ್ಲ, ಬದಲಿಸಲೂ ಇಲ್ಲ. ಕೆಡಲು ಗೋಂದೇ ಇಲ್ಲವಾದ್ದರಿಂದ ಅದೊಂದನ್ನು ಮಾತ್ರ ಮಳೆಗಾಲದಲ್ಲೂ ಡಬ್ಬಿಗೆ ಹಾಕದೆ, ಕಾಗದದ ಪಟ್ಟಿಯಿಂದ ಆಲ್ಬಮಿನ ಮೊದಲ ಪುಟಕ್ಕೆ ತೂಗುಹಾಕಿದ್ದೇನೆ.