ಓಡಿಹೋದವನ ಕೈಗೆ ಕುರಿ

ಶುಭ ಶುಕ್ರವಾರಕ್ಕೂ ಈಸ್ಟರ್ ಭಾನುವಾರಕ್ಕೂ ನಡುವೆ ಬರುವ ಶನಿವಾರದಷ್ಟು ಮಂಕಾದ ದಿನ ನಮ್ಮ ಕ್ರೈಸ್ತರ ವರ್ಷದಲ್ಲಿ ಇನ್ನೊಂದಿಲ್ಲ. ಶಿಲುಬೆಯ ಏಳು ಮಾತುಗಳ ಪ್ರಸಂಗ ಕೇಳಿ ಮುಗಿದಿರುತ್ತದೆ, ಹಾಡುವ ದಿನ ಇನ್ನೂ ಬಂದಿರುವುದಿಲ್ಲ. ಆ ಶನಿವಾರ ನಾನು ಕೊಪ್ಪಳದಿಂದ ಯಲಬುರ್ಗಾ ಬಸ್ ಹತ್ತಿದೆ. ಕಡಲೆ ಕಿತ್ತು ಖಾಲಿಯಾಗಿದ್ದ ನಮ್ಮ ಎರೆಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿದ್ದೆವು. ಕುರಿಯವರಿಗೆ ಹಣ ಮುಟ್ಟಿಸಬೇಕಿತ್ತು. ಇದು ಮನೆಯಲ್ಲಿ ಹೇಳಿದ ಕಾರಣ. ಹೇಳದ ಕಾರಣವೆಂದರೆ, ಹಬ್ಬದ ಸಂಜೆಯ ಮನೆಕೂಟದಲ್ಲಿ ಯೋಹಾನನ ಸುವಾರ್ತೆಯ 21ನೆಯ ಅಧ್ಯಾಯ ಓದಿ ನಾಲ್ಕು ಮಾತು ಹೇಳು ಎಂದು ಸಭಾಪಾಲಕರು ನನಗೆ ಒಪ್ಪಿಸಿದ್ದರು. ಬೇರೆ ಯಾವ ಅಧ್ಯಾಯ ಕೊಟ್ಟಿದ್ದರೂ ಹೇಗೋ ನಿಭಾಯಿಸುತ್ತಿದ್ದೆ.

ಅದು ಯೇಸುವಿನ ಶಿಷ್ಯ ಪೇತ್ರನ ಅಧ್ಯಾಯ. ಎಲ್ಲರೂ ನಿನ್ನನ್ನು ಬಿಟ್ಟರೂ ನಾನು ಬಿಡುವುದಿಲ್ಲ ಎಂದು ಎದೆ ತಟ್ಟಿಕೊಂಡು, ಅದೇ ರಾತ್ರಿ ಯೇಸುವನ್ನು ತೋಟದಲ್ಲಿ ಹಿಡಿದೊಯ್ದ ಮೇಲೆ ಕೋಳಿ ಕೂಗುವ ಮೊದಲೇ ಮೂರು ಸಲ ಅವನನ್ನು ಅರಿಯೆನೆಂದವನು. ಕಥೆ ಎಲ್ಲರಿಗೂ ಗೊತ್ತು, ಸಣ್ಣ ಸಂಗತಿಗಳು ಮರೆತುಹೋಗುತ್ತವೆ. ಮಹಾಯಾಜಕನ ಮನೆಯ ಅಂಗಳದಲ್ಲಿ ಅವನನ್ನು ಮೊದಲು ಕೇಳಿದ್ದು ಈಟಿ ಹಿಡಿದ ಸೈನಿಕನಲ್ಲ, ಬಾಗಿಲು ಕಾಯುತ್ತಿದ್ದ ಒಬ್ಬ ಹುಡುಗಿ. ಕೊನೆಗೆ ಕೇಳಿದವನು, ಯೋಹಾನನು ಬರೆಯುವಂತೆ, ಕೆಲವೇ ಗಂಟೆಗಳ ಹಿಂದೆ ಪೇತ್ರ ಕಿವಿ ಕತ್ತರಿಸಿದ್ದ ಮಹಾಯಾಜಕನ ಆಳು ಮಲ್ಕನ ಸಂಬಂಧಿಕ. ತೋಟದಲ್ಲಿ ಕತ್ತಿ ಬೀಸಿದ ಕೈಗೆ ಅಂಗಳದಲ್ಲಿ ಚಳಿ ಕಾಯಿಸಿಕೊಳ್ಳುವುದಷ್ಟೇ ಉಳಿದಿತ್ತು. ಕೋಳಿ ಕೂಗಿದಾಗ ಕರ್ತನು ತಿರುಗಿ ಪೇತ್ರನನ್ನು ನೋಡಿದನು ಎಂದು ಲೂಕ ಮಾತ್ರ ಬರೆಯುತ್ತಾನೆ. ಎಂಥ ನೋಟ ಎಂಬುದನ್ನು ಬರೆಯುವುದಿಲ್ಲ. ಪೇತ್ರ ಹೊರಗೆ ಹೋಗಿ ಅತ್ತ ಎಂದಷ್ಟೇ ಇದೆ.

ನನ್ನದೂ ಒಂದು ಅಂಗಳವಿದೆ. ಬಹಳ ವರ್ಷಗಳ ಹಿಂದೆ ರಾಯಚೂರಿನ ಒಂದು ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಿದ್ದೆ. ತೂಕದಲ್ಲಿ ವ್ಯತ್ಯಾಸ ಬಂತು. ತಪ್ಪು ಯಾರದೆಂದು ನನ್ನ ಪುಸ್ತಕದಲ್ಲೇ ಇತ್ತು, ಅದು ಮಾಲೀಕರ ಕಡೆಯವರದು. ಬೈಗುಳ ತಿಂದದ್ದು ಕಾಟಾದ ಮುಂದೆ ನಿಲ್ಲುವ ಹುಡುಗ. ನನ್ನನ್ನು ಕರೆದು ಕೇಳಿದರು. "ನನಗೆ ಗೊತ್ತಿಲ್ಲ" ಎಂದೆ. ಒಂದೇ ಸಲ ಹೇಳಿದ್ದು, ಮೂರು ಸಲ ಹೇಳುವ ಅಗತ್ಯವೇ ಬೀಳಲಿಲ್ಲ. ಅವನನ್ನು ಅಂದೇ ಬಿಡಿಸಿದರು. ನನಗೆ ಯಾವ ಕೋಳಿಯೂ ಕೂಗಲಿಲ್ಲ. ಮಧ್ಯಾಹ್ನ ಎಂದಿನಂತೆ ಡಬ್ಬಿ ಬಿಚ್ಚಿದೆ, ರೊಟ್ಟಿಗೆ ಪುಂಡಿಪಲ್ಯ ಹಚ್ಚಿಕೊಂಡು ತಿಂದೆ, ರುಚಿಯಾಗಿಯೇ ಇತ್ತು. ಅದೇ ಈಗಲೂ ಕಾಡುವುದು.

ಹಾಗಾಗಿ ಆ ಅಧ್ಯಾಯವನ್ನು ಬಸ್ಸಿನಲ್ಲಿ ಕುಳಿತು ಹೆದರುತ್ತಲೇ ಓದಿದೆ. ಪೇತ್ರನೂ ಅವನ ಜೊತೆಯವರೂ, ಒಟ್ಟು ಏಳು ಮಂದಿ, ತಿಬೇರಿಯ ಸಮುದ್ರದಲ್ಲಿ ರಾತ್ರಿಯೆಲ್ಲ ಬಲೆ ಬೀಸಿ ಬರಿಗೈಯಲ್ಲಿದ್ದಾರೆ. ಬೆಳಗಾಗುವಾಗ ದಡದಲ್ಲಿ ಒಬ್ಬ ನಿಂತಿದ್ದಾನೆ, ಬಲಗಡೆಗೆ ಬಲೆ ಹಾಕಿ ಎನ್ನುತ್ತಾನೆ. 153 ಮೀನು. ಈ ಸಂಖ್ಯೆಯ ಮೇಲೆ ಗಂಟೆಗಟ್ಟಲೆ ಪ್ರಸಂಗ ಮಾಡುವವರನ್ನು ಕೇಳಿದ್ದೇನೆ, ನನಗೆ ಒಮ್ಮೆಯೂ ಏನೂ ಹೊಳೆದಿಲ್ಲ. ನನ್ನ ಕಣ್ಣು ನಿಲ್ಲುವುದು ದಡದ ಮೇಲಿನ ಕೆಂಡದ ಹತ್ತಿರ. ಯೋಹಾನನು ಅಲ್ಲಿ ಬಳಸುವ ಗ್ರೀಕ್ ಪದ ‘ಅಂಥ್ರಾಕಿಯಾ’, ಕೆಂಡದ ರಾಶಿ. ಇಡೀ ಹೊಸ ಒಡಂಬಡಿಕೆಯಲ್ಲಿ ಅದು ಎರಡೇ ಕಡೆ ಬರುತ್ತದೆ: ಮಹಾಯಾಜಕನ ಅಂಗಳದಲ್ಲಿ ಒಮ್ಮೆ, ಈ ದಡದಲ್ಲಿ ಇನ್ನೊಮ್ಮೆ. ಒದ್ದೆ ಬಟ್ಟೆಯಲ್ಲಿ ನೀರಿನಿಂದ ಎದ್ದು ಬಂದ ಪೇತ್ರನ ಮೂಗಿಗೆ ಮೊದಲು ಬಡಿದದ್ದು ಆ ರಾತ್ರಿಯದೇ ವಾಸನೆ. ಕೆಂಡದ ಮೇಲೆ ಮೀನಿದೆ, ರೊಟ್ಟಿಯಿದೆ. ದಡದಲ್ಲಿ ನಿಂತವನು, ಸಾವಿನಿಂದ ಎದ್ದು ಬಂದ ಯೇಸು, ಹೇಳುತ್ತಾನೆ: "ಬನ್ನಿರಿ, ಊಟ ಮಾಡಿರಿ." ಮಾತುಕತೆಯೆಲ್ಲ ಊಟವಾದ ಮೇಲೆ. ಹಸಿದ ಹೊಟ್ಟೆಯಲ್ಲಿ ಯಾರನ್ನೂ ವಿಚಾರಿಸಲಿಲ್ಲ.

ಆಮೇಲೆ ಮೂರು ಪ್ರಶ್ನೆ. ಯೋಹಾನನ ಮಗನಾದ ಸೀಮೋನನೇ, ನನ್ನನ್ನು ಪ್ರೀತಿಸುತ್ತೀಯಾ? ಪೇತ್ರ ಎಂಬ ಹೆಸರು ಕೊಟ್ಟವನೇ ಈಗ ಅದನ್ನು ಬಿಟ್ಟು ಹಳೆಯ ಹೆಸರು ಹಿಡಿದು ಕರೆಯುತ್ತಾನೆ. ಮೂರನೆಯ ಸಲಕ್ಕೆ ಪೇತ್ರನಿಗೆ ನೋವಾಯಿತು ಎಂದು ಬರೆದಿದೆ. ಕ್ಷಮೆಯೆಂದರೆ ಹೋಗಲಿ ಬಿಡು ಎಂದು ಬೆನ್ನು ತಟ್ಟುವುದು ಅಂದುಕೊಂಡಿದ್ದವನಿಗೆ ಇದು ಬೇರೆಯೇ ಕಾಣುತ್ತದೆ. ಗಾಯ ತೊಳೆಯುವ ಕೈ ಇದು, ಉರಿಯುತ್ತದೆ. ಆದರೆ ಪ್ರತಿ ಉತ್ತರಕ್ಕೂ ಯೇಸು ಹೇಳುವುದು ಒಂದೇ ಕೆಲಸ: ನನ್ನ ಕುರಿಮರಿಗಳನ್ನು ಮೇಯಿಸು, ನನ್ನ ಕುರಿಗಳನ್ನು ಕಾಯಿ, ನನ್ನ ಕುರಿಗಳನ್ನು ಮೇಯಿಸು.

ಕನ್ನಡಕ್ಕೆ ಬೈಬಲ್ ಬಂದದ್ದು ಪಕ್ಕದ ಬಳ್ಳಾರಿಯಿಂದ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಅಲ್ಲಿಗೆ ಬಂದು ನೆಲೆಸಿ ಅನುವಾದಕ್ಕೆ ಕೈಹಾಕಿದರು. 1831ರ ಹೊತ್ತಿಗೆ ಇಡೀ ಗ್ರಂಥ ಅಚ್ಚಾಗಿತ್ತು. ಸಮುದ್ರ, ದೋಣಿ, ದಡ ಎಂಬುದೆಲ್ಲ ಈ ಬಿಸಿಲ ನಾಡಿನವರಿಗೆ ಕೇಳಿದ ಮಾತು ಮಾತ್ರ ಆಗಿದ್ದಿರಬೇಕು. ಕುರಿಯ ವಿಷಯ ಹಾಗಲ್ಲ. ಅದನ್ನು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಇಂದಿಗೂ ಇಲ್ಲ.

ಹೊಲಕ್ಕೆ ಹೋದಾಗ ಹೊತ್ತು ಇಳಿದಿತ್ತು. ಕುರಿಗಳನ್ನು ಬಲೆಯೊಳಗೆ ಕೂಡಿ, ಕುರಿಗಾರ ಅಜ್ಜ ಮೂರು ಕಲ್ಲು ಹೂಡಿ ಹೆಂಚಿಟ್ಟಿದ್ದ. ಹೆಂಚಿನ ಮೇಲೆ ಅರೆಬೆಂದ ರೊಟ್ಟಿಯನ್ನು ಎತ್ತಿ ಕೆಂಡಕ್ಕೆ ಒಡ್ಡಿದರೆ ಅದು ಉಸಿರು ತುಂಬಿಕೊಂಡು ಉಬ್ಬುತ್ತಿತ್ತು, ಅಂಚಿನಲ್ಲಿ ಕರಿ ಚುಕ್ಕೆ ಬೀಳುತ್ತಿದ್ದಂತೆ ಬರಿಗೈಯಲ್ಲೇ ತಿರುವಿ ಹಾಕುತ್ತಿದ್ದ. ಹಣ ಎಣಿಸಿ ಕೊಟ್ಟೆ. ನಾಳೆ ನಿಮ್ಮ ಹಬ್ಬವಲ್ಲವೇ ತಮ್ಮ, ಇವತ್ತೇಕೆ ಬಂದೆ ಎಂದ. ಯಾಕೋ ಅವನಿಗೆ ಪೇತ್ರನ ಕಥೆಯನ್ನೆಲ್ಲ ಹೇಳಿದೆ. ಸಭೆಯಲ್ಲಿ ಹೇಳಬೇಕಾದದ್ದನ್ನು ಒಮ್ಮೆ ಹೇಳಿ ನೋಡಿದಂತಾಯಿತು.

ಅಜ್ಜ ಕೇಳಿದ ಮೊದಲ ಪ್ರಶ್ನೆ: "ಓಡಿಹೋದವನಿಗೇ ಕುರಿ ಕೊಟ್ಟನೇ?"

ಹೌದು ಎಂದೆ. ಅದೇ ಯೇಸು ಇನ್ನೊಂದು ಕಡೆ, ಕೂಲಿಯಾಳು ತೋಳ ಕಂಡ ಕೂಡಲೇ ಕುರಿ ಬಿಟ್ಟು ಓಡಿಹೋಗುತ್ತಾನೆ ಎಂದಿದ್ದನ್ನೂ ಹೇಳಿದೆ. ಅದೂ ಯೋಹಾನನ ಸುವಾರ್ತೆಯಲ್ಲೇ, 10ನೆಯ ಅಧ್ಯಾಯದಲ್ಲಿ ಇದೆ. ಅಂದರೆ ಗೊತ್ತಿಲ್ಲದೆ ಕೊಟ್ಟದ್ದಲ್ಲ.

"ಗೊತ್ತಿದ್ದೂ ಕೊಟ್ಟನೆಂದರೆ ಅದು ಲೆಕ್ಕಕ್ಕೆ ಬರುವುದಿಲ್ಲ ತಮ್ಮ" ಎಂದ ಅಜ್ಜ. ಈ ಕಡೆ ತೋಳವೆಂದರೆ ಪುಸ್ತಕದ ಮಾತಲ್ಲ, ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಅವುಗಳಿಗೆಂದೇ ವನ್ಯಧಾಮವಿದೆ. ಎರಡು ವರ್ಷದ ಹಿಂದೆ ಅಜ್ಜನ ಹತ್ತಿರ ಸಂಬಳಕ್ಕಿದ್ದ ಹುಡುಗ ರಾತ್ರಿ ಕಾವಲಿನಲ್ಲಿ ತೋಳ ಕಂಡು ಮರ ಹತ್ತಿ ಕುಳಿತನಂತೆ. ಮೂರು ಮರಿ ಹೋದವು. ಬೆಳಿಗ್ಗೆ ಅವನ ಕಂಬಳಿ ಕೈಗೆ ಕೊಟ್ಟು ಊರಿಗೆ ಕಳಿಸಿದೆ ಎಂದ. "ಅಂಥವನನ್ನು ಮತ್ತೆ ಹಿಂಡಿಗೆ ಬಿಡುತ್ತಾರೆಯೇ?"

ಬಿಡುವುದಿಲ್ಲ ಎಂದು ನನಗೂ ಅನ್ನಿಸಿತು. ಅಜ್ಜ ಹೇಳಿದ್ದರಲ್ಲಿ ತಪ್ಪೇನಿದೆ? ಮರಿ ಅವನದು, ನಷ್ಟ ಅವನದು. ದೇವರ ಕರುಣೆಯನ್ನು ನಾವು ವೇದಿಕೆಯ ಮೇಲೆ ಸುಲಭವಾಗಿ ಹೊಗಳುತ್ತೇವೆ, ಏಕೆಂದರೆ ಅಲ್ಲಿ ನಮ್ಮ ಕುರಿ ಹೋಗಿರುವುದಿಲ್ಲ. ಕಾಟಾದ ಮುಂದಿನ ಆ ಹುಡುಗನಿಗೆ ಈ ಅಧ್ಯಾಯ ಓದಿ ಹೇಳಿದರೆ ಅವನೇನು ಹೇಳಬಹುದು ಎಂದು ಯೋಚಿಸಿದೆ. ನನ್ನನ್ನು ಕ್ಷಮಿಸಬೇಕಾದವನು ಅವನು, ಮನೆಕೂಟದ ನಲವತ್ತು ಜನರಲ್ಲ.

ರೊಟ್ಟಿಗಳನ್ನು ಬುಟ್ಟಿಗೆ ಜೋಡಿಸಿ ಅಜ್ಜ ಮತ್ತೆ ಕೇಳಿದ: "ಆಮೇಲೆ ಆ ನಿಮ್ಮ ಪೇತ್ರ ಓಡಲಿಲ್ಲ ತಾನೇ?"

ಇಲ್ಲ ಎಂದುಬಿಡಬಹುದಿತ್ತು, ಕಥೆಗೆ ಒಪ್ಪುತ್ತಿತ್ತು. ಆದರೆ ಗಲಾತ್ಯದವರಿಗೆ ಪೌಲನು ಬರೆದ ಪತ್ರದ ಎರಡನೆಯ ಅಧ್ಯಾಯದಲ್ಲಿ ಇನ್ನೊಂದು ಸಂಗತಿಯಿದೆ. ಅಂತಿಯೋಕ್ಯದಲ್ಲಿ ಪೇತ್ರ ಅನ್ಯಜನರೊಂದಿಗೆ, ಅಂದರೆ ಯೆಹೂದ್ಯರಲ್ಲದವರೊಂದಿಗೆ, ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದ. ಯೆರೂಸಲೇಮಿನಿಂದ ಯಾಕೋಬನ ಕಡೆಯವರು ಬಂದದ್ದೇ ತಡ, ಅವರೇನು ಅಂದುಕೊಳ್ಳುವರೋ ಎಂದು ಎದ್ದು ಬೇರೆಯಾದ. ಪೌಲನು ಎಲ್ಲರೆದುರೇ ಅವನನ್ನು ತರಾಟೆಗೆ ತೆಗೆದುಕೊಂಡ. ದೊಡ್ಡವರು ಬಂದರೆಂದು ಊಟದ ಪಂಕ್ತಿಯಿಂದ ಏಳುವುದು ಎಂದರೆ ಏನೆಂದು ನಮ್ಮ ಊರುಗಳಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. ಅಜ್ಜನಿಗೂ ತಟ್ಟನೆ ತಿಳಿಯಿತು.

"ಮತ್ತೆ ಹೆದರಿದ ಅನ್ನು."

"ಮತ್ತೆ ಹೆದರಿದ."

"ಆಗಲಾದರೂ ಕುರಿ ಹಿಂದಕ್ಕೆ ಪಡೆದರೇ?"

"ಇಲ್ಲ ಅಜ್ಜ. ಸಾಯುವ ತನಕ ಅವನ ಹತ್ತಿರವೇ ಇದ್ದವು."

ಅಜ್ಜ ಕೋಲಿನಿಂದ ಕೆಂಡ ಕೆದಕಿದ. ಬಲೆಯೊಳಗೆ ಒಂದು ಮರಿ ತಾಯಿಯನ್ನು ಹುಡುಕುತ್ತ ಅರಚುತ್ತಿತ್ತು, ಅದು ಸುಮ್ಮನಾಗುವವರೆಗೂ ಅವನು ಮಾತಾಡಲಿಲ್ಲ. ನನ್ನ ಕಡೆಯ ಬಸ್ಸಿಗೆ ಹೊತ್ತಾಗುತ್ತಿತ್ತು. ಎದ್ದು ಚಪ್ಪಲಿ ಮೆಟ್ಟಿಕೊಂಡೆ.

"ತಮ್ಮ, ನಿನ್ನ ಬಸ್ಸು ಕುಕನೂರಿನ ಮೇಲೆ ಹೋಗುತ್ತದೆಯೇ?"

ಹೋಗುತ್ತದೆ ಎಂದೆ.

"ಆ ಹುಡುಗನ ಊರು ಅಲ್ಲೇ ಹತ್ತಿರ" ಎಂದ ಅಜ್ಜ.